ಬಂಗಿಗೆ ಹಚ್ಚಿದ ಗ್ಲೈಕೋಲಿಕ್ ಆಸಿಡ್ ಕೆನ್ನೆ ಸುಟ್ಟರೆ

ಪ್ರಶ್ನೆ: ನನಗೆ 34 ವರ್ಷ. ಮಂಡ್ಯ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಎರಡನೇ ಬಾಣಂತನದ ನಂತರ ಎರಡೂ ಕೆನ್ನೆಗಳ ಮೇಲೆ ಬಂಗು ಬಂತು, ಮೂರು ವರ್ಷವಾದರೂ ಹೋಗಿಲ್ಲ. ವಿಡಿಯೊಗಳನ್ನು ನೋಡಿ ಶೇ 7ರ ಗ್ಲೈಕೋಲಿಕ್ ಆಸಿಡ್ ಟೋನರ್ ತರಿಸಿ ಎರಡು ತಿಂಗಳು ಪ್ರತಿ ರಾತ್ರಿ ಹಚ್ಚಿದೆ. ಮುಖ ನುಣುಪಾಯಿತು, ಬಂಗು ಹಾಗೇ ಉಳಿಯಿತು. ಆಮೇಲೆ ಶೇ 30 ಎಎಚ್‌ಎ, ಶೇ 2 ಬಿಎಚ್‌ಎ ಎಂದು ಬರೆದಿದ್ದ ಪೀಲ್, ಅಂದರೆ ಚರ್ಮದ ಮೇಲ್ಪದರ ಸುಲಿಯುವ ಆಸಿಡ್ ದ್ರಾವಣ, ತರಿಸಿದೆ. ಹತ್ತು ನಿಮಿಷ ಅಂತ ಬಾಟಲಿ ಮೇಲೆ ಇತ್ತು. ಉರಿ ಇದ್ದಷ್ಟೂ ಕೆಲಸ ಮಾಡುತ್ತೆ ಅಂದುಕೊಂಡು, ಸ್ಕ್ರಬ್ ಹಾಕಿ ಮುಖ ತೊಳೆದು, 25 ನಿಮಿಷ ಬಿಟ್ಟೆ. ಮಾರನೇ ದಿನ ಎಂದಿನಂತೆ ಬಿಸಿಲಲ್ಲಿ ಶಾಲೆಗೆ ಹೋದೆ. ಮೂರನೇ ದಿನಕ್ಕೆ ಸಿಪ್ಪೆ ಎದ್ದಿತು, ಎರಡನೇ ವಾರದ ಹೊತ್ತಿಗೆ ಬಂಗಿಗಿಂತ ಕಪ್ಪಾದ ಪಟ್ಟೆಗಳು ಬಂದವು. ‘ಇದು ಪರ್ಜಿಂಗ್, ನಿಲ್ಲಿಸಬೇಡ’ ಎಂದು ಗೆಳತಿ ಹೇಳಿದಳು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕ್ರೀಮು ಹಚ್ಚಿದಾಗ ಹತ್ತೇ ದಿನಕ್ಕೆ ತಿಳಿಯಾಯಿತು. ಬಿಟ್ಟ ಮೇಲೆ ಕೆಂಪು, ನವೆ ಶುರುವಾಗಿದೆ. ಟ್ಯೂಬಿನ ಮೇಲೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂದಿದೆ. ಪಾರ್ಲರಿನವರು ಆರು ಸಿಟಿಂಗ್ ಪೀಲ್ ಮಾಡಿಸಿದರೆ ಎಲ್ಲ ಹೋಗುತ್ತೆ ಅನ್ನುತ್ತಿದ್ದಾರೆ. ಅತ್ತೆಯವರು, ‘ಇದು ಕಬ್ಬಿನಿಂದಲೇ ಬರೋದಾದರೆ ಆಲೆಮನೆಯಿಂದ ಕಬ್ಬಿನ ಹಾಲು ತಂದು ಹಚ್ಚು’ ಅನ್ನುತ್ತಾರೆ. ಆಸಿಡ್‌ನಿಂದ ಚರ್ಮ ಶಾಶ್ವತವಾಗಿ ತೆಳುವಾಗುತ್ತದೆಯೇ? ಬಂಗಿಗೆ ಇದು ಆಗುತ್ತದೋ ಇಲ್ಲವೋ? ಕುತ್ತಿಗೆ, ಕಂಕುಳಿನ ಕಪ್ಪಿಗೆ ಹಚ್ಚಬಹುದೇ?

ಉತ್ತರ: ಈ ರಾತ್ರಿಯಿಂದಲೇ ಟೋನರ್, ಪೀಲ್, ಸ್ಕ್ರಬ್ ಮೂರನ್ನೂ ನಿಲ್ಲಿಸಿ. ಉಳಿದ ಮಾತು ಆಮೇಲೆ. ನಿಮ್ಮ ಮುಖದಲ್ಲಿ ಈಗ ಮೂರು ತೊಂದರೆಗಳು ಒಂದರ ಮೇಲೊಂದು ಕೂತಿವೆ. ಮೂರು ವರ್ಷದ ಬಂಗು ಒಂದು. ಪೀಲ್‌ನಿಂದ ಸುಟ್ಟ ಜಾಗ ಮಾಗುವಾಗ ಉಳಿದ ಕಪ್ಪು ಇನ್ನೊಂದು. ಸ್ಟೆರಾಯ್ಡ್ ಇದ್ದ ಕ್ರೀಮನ್ನು ಬಿಟ್ಟಾಗ ಎದ್ದ ಕೆಂಪು, ನವೆ ಮೂರನೆಯದು. ಮೂರಕ್ಕೂ ಸೇರಿಸಿ ಒಂದೇ ಮದ್ದು ಹುಡುಕಿದರೆ ಮೂರೂ ಕೆಡುತ್ತವೆ. ಕೊನೆಯದನ್ನು ಮೊದಲು ತಣಿಸಬೇಕು, ನಡುವಿನದಕ್ಕೆ ಸಮಯ ಕೊಡಬೇಕು, ಬಂಗಿನ ವಿಚಾರವನ್ನು ಅದಾದ ಮೇಲೆಯೇ ಕೈಗೆತ್ತಿಕೊಳ್ಳಬೇಕು.

ನಿಮ್ಮದು ಪರ್ಜಿಂಗ್ ಅಲ್ಲ. ರಂಧ್ರಗಳಲ್ಲಿ ಮೊದಲೇ ಕಟ್ಟಿಕೊಂಡಿದ್ದ ಜಿಡ್ಡು ಬೇಗ ಮೇಲೆ ಬಂದು, ಮಾಮೂಲಾಗಿ ಮೊಡವೆ ಏಳುವ ಜಾಗದಲ್ಲೇ ಕೆಲವು ವಾರ ಸಣ್ಣ ಮೊಡವೆಗಳು ಹೆಚ್ಚಾಗುವುದಕ್ಕೆ ಆ ಹೆಸರು. ರೆಟಿನಾಲ್, ಟ್ರೆಟಿನಾಯಿನ್‌ನಂಥ ವಿಟಮಿನ್ ಎ ಗುಂಪಿನ ಮದ್ದು, ಅಂದರೆ ರೆಟಿನಾಯ್ಡ್ ಹಚ್ಚುವವರಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ. ಉರಿ, ಬಿಗಿತ, ಎಣ್ಣೆ ಸವರಿದಂಥ ಅಸಹಜ ಹೊಳಪು, ಹಾಳೆಯಂತೆ ಏಳುವ ಸಿಪ್ಪೆ, ಆಮೇಲೆ ಕಪ್ಪು ಪಟ್ಟೆ – ಇದು ರಾಸಾಯನಿಕದಿಂದಾದ ಸುಟ್ಟಗಾಯ. ‘ನಿಲ್ಲಿಸಬೇಡ’ ಎಂಬ ಸಲಹೆ ಇಲ್ಲಿ ಅಪಾಯಕಾರಿ.

ಆಸಿಡ್ ಒಳಗೆ ಮಾಡುವುದೇನು?

ಗ್ಲೈಕೋಲಿಕ್ ಆಸಿಡ್ ಎಎಚ್‌ಎ ಎಂಬ ಆಮ್ಲಗಳ ಗುಂಪಿನಲ್ಲಿ ಅತಿ ಚಿಕ್ಕ ಅಣು. ಅಣುತೂಕ ಕೇವಲ 76. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಸಿಡ್‌ನದು 90, ಮ್ಯಾಂಡೆಲಿಕ್ ಆಸಿಡ್‌ನದು 152. ಚಿಕ್ಕದಾದ್ದರಿಂದ ಬೇಗ ಒಳಗಿಳಿಯುತ್ತದೆ. ಅದರ ಗುಣವೂ ಅದೇ, ದೋಷವೂ ಅದೇ. ನಮ್ಮ ಚರ್ಮದ ತೀರಾ ಮೇಲಿನ ಪದರ ಸತ್ತ ಕೋಶಗಳದ್ದು, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು. ಮುಖದ ಮೇಲೆ ಅದರ ದಪ್ಪ 10ರಿಂದ 20 ಮೈಕ್ರಾನ್ ಅಷ್ಟೆ. ಈ ಕೋಶಗಳನ್ನು ಹಿಡಿದಿಟ್ಟಿರುವ ಬೆಸುಗೆಯನ್ನು ಗ್ಲೈಕೋಲಿಕ್ ಸಡಿಲಿಸುತ್ತದೆ, ಹಳೆಯವು ಬೇಗ ಉದುರುತ್ತವೆ, ಕೆಳಗಿನಿಂದ ಹೊಸವು ಬೇಗ ಮೇಲೇರುತ್ತವೆ. ನುಣುಪು ಕಾಣಿಸುವುದು ಇದರಿಂದಲೇ. ಚರ್ಮವೈದ್ಯಕ್ಕೆ ಈ ಆಮ್ಲಗಳು ಬಂದದ್ದು ಸೌಂದರ್ಯಕ್ಕಾಗಿ ಅಲ್ಲ. ಯೂಜಿನ್ ವ್ಯಾನ್ ಸ್ಕಾಟ್ ಮತ್ತು ರೂಯಿ ಯು ಎಂಬ ಅಮೆರಿಕದ ಸಂಶೋಧಕರು ಮೈತುಂಬ ಮೀನಿನ ಪೊರೆಯಂತೆ ಚರ್ಮ ಕಟ್ಟುವ ಇಕ್ತಿಯೋಸಿಸ್ ರೋಗಿಗಳಿಗೆ ಇವನ್ನು ಹಚ್ಚಿ, ಫಲವನ್ನು 1974ರಲ್ಲಿ ಪ್ರಕಟಿಸಿದರು. ಕಟ್ಟಿದ ಪದರವನ್ನು ಬಿಡಿಸುವುದು ಗ್ಲೈಕೋಲಿಕ್‌ನ ಮೂಲ ಕಸುಬು. ಹಾಗಾಗಿ ಒರಟು ಚರ್ಮ, ಮುಚ್ಚಿದ ರಂಧ್ರಗಳು, ತೋಳಿನ ಮೇಲೆ ಕೋಳಿ ತೊಗಲಿನಂತೆ ಏಳುವ ಗುಳ್ಳೆಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ.

ಬಂಗು ಹಾಗಲ್ಲ. ಅದು ಮೇಲೆ ಅಂಟಿದ ಕಲೆ ಅಲ್ಲ, ತಿಕ್ಕಿ ತೆಗೆಯಲಾಗದು. ಬಣ್ಣ ತಯಾರಿಸುವ ಮೆಲನೋಸೈಟ್ ಕೋಶಗಳು ಆ ಜಾಗದಲ್ಲಿ ಕೆರಳಿ, ಬಿಡುವಿಲ್ಲದೆ ಬಣ್ಣ ಸುರಿಯುತ್ತಿರುತ್ತವೆ. ಕೆರಳಿಸುವವು ಗರ್ಭಧಾರಣೆಯ ಹಾರ್ಮೋನು, ಕೆಲವರಲ್ಲಿ ಗರ್ಭನಿರೋಧಕ ಮಾತ್ರೆ, ಮನೆತನದ ಒಲವು, ಎಲ್ಲಕ್ಕಿಂತ ಮಿಗಿಲಾಗಿ ಬಿಸಿಲು. ಮೇಲಿನ ಪದರಕ್ಕೆ ಬಂದು ಸೇರಿದ ಬಣ್ಣವನ್ನು ಗ್ಲೈಕೋಲಿಕ್ ಬೇಗ ಉದುರಿಸಬಲ್ಲದು, ಜೊತೆಗೆ ಹಚ್ಚುವ ಬೇರೆ ಮದ್ದು ಒಳಗಿಳಿಯಲು ದಾರಿ ಮಾಡಿಕೊಡಬಲ್ಲದು. ಬಣ್ಣದ ಕಾರ್ಖಾನೆಯನ್ನು ಅದೊಂದೇ ಮುಚ್ಚಿಸಲಾರದು. ಎರಡು ತಿಂಗಳಲ್ಲಿ ಮುಖ ನುಣುಪಾಗಿಯೂ ಬಂಗು ಉಳಿದದ್ದು ನಿಮ್ಮ ತಪ್ಪಿನಿಂದಲ್ಲ, ಟೋನರ್ ಕಳಪೆ ಎಂದೂ ಅಲ್ಲ. ಅದರಿಂದ ಆಗುವ ಕೆಲಸ ಆಗಿತ್ತು.

ನಮ್ಮ ಮೈಬಣ್ಣದ ವಿಚಾರವೊಂದನ್ನು ಇಲ್ಲಿ ಒತ್ತಿ ಹೇಳಬೇಕು. ಗೋಧಿ ಬಣ್ಣದಿಂದ ಕಪ್ಪಿನವರೆಗಿನ ಚರ್ಮದಲ್ಲಿ ಯಾವ ಉರಿಯೂತವಾದರೂ, ಮೊಡವೆಯಿರಲಿ, ಸೊಳ್ಳೆ ಕಡಿತವಿರಲಿ, ಆಸಿಡ್ ಉರಿಯಿರಲಿ, ಅದು ಮಾಗುವಾಗ ಕಪ್ಪು ಬಿಟ್ಟು ಹೋಗುತ್ತದೆ. ವಿದೇಶಿ ವಿಡಿಯೊಗಳಲ್ಲಿ ತಿಳಿ ಚರ್ಮದವರು ಕೆಂಪಾಗಿ, ಸಿಪ್ಪೆ ಎದ್ದು, ವಾರದಲ್ಲಿ ಹೊಳೆಯುತ್ತಾರೆ. ಅಷ್ಟೇ ಕೆಂಪು ನಮ್ಮಲ್ಲಿ ಆರು ತಿಂಗಳ ಕಪ್ಪಾಗಬಹುದು. ಆದ್ದರಿಂದ ‘ಉರಿದಷ್ಟೂ ಕೆಲಸ’ ಎಂಬ ನಂಬಿಕೆ ನಮ್ಮ ಚರ್ಮಕ್ಕೆ ನೇರವಾಗಿ ಉಲ್ಟಾ. ಹಚ್ಚಿದ ಒಂದೆರಡು ನಿಮಿಷ ಸಣ್ಣಗೆ ಚುರುಗುಟ್ಟಿ ಇಳಿದುಹೋದರೆ ಚಿಂತೆಯಿಲ್ಲ. ಏರುತ್ತಾ ಹೋಗುವ ಉರಿ ತೊಳೆಯಿರಿ ಎಂಬ ಸೂಚನೆ.

ಶೇಕಡಾ ಲೆಕ್ಕ ಏಕೆ ಮೋಸ ಮಾಡುತ್ತದೆ

ಬಾಟಲಿಯ ಮೇಲಿನ ಶೇಕಡಾ ಅರ್ಧ ಮಾಹಿತಿ. ಉಳಿದರ್ಧ ಪಿಎಚ್, ಅಂದರೆ ಆಮ್ಲತೆಯ ಅಳತೆ. ಈ ಅಂಕಿ ಇಳಿದಷ್ಟೂ ಆಮ್ಲ ತೀಕ್ಷ್ಣ. ಗ್ಲೈಕೋಲಿಕ್ ಆಸಿಡ್ ದ್ರಾವಣದಲ್ಲಿ ಎರಡು ರೂಪದಲ್ಲಿರುತ್ತದೆ: ಬಿಡಿ ಆಮ್ಲ ಮತ್ತು ಅದರ ಲವಣರೂಪ. ಒಳಗಿಳಿದು ಕೆಲಸ ಮಾಡುವುದು, ಸುಡುವುದು ಮುಖ್ಯವಾಗಿ ಬಿಡಿ ಆಮ್ಲ. ಪಿಎಚ್ 3.83ರಲ್ಲಿ ಎರಡೂ ಸರಿಸಮ. ಪಿಎಚ್ 3.5ಕ್ಕೆ ಇಳಿದರೆ ಸುಮಾರು ಶೇ 68 ಭಾಗ ಬಿಡಿ ಆಮ್ಲ, 3ಕ್ಕೆ ಇಳಿದರೆ ಶೇ 87. ಅದೇ 4.5ಕ್ಕೆ ಏರಿದರೆ ಶೇ 18 ಮಾತ್ರ. ಅಂದರೆ ಪಿಎಚ್ 4.5 ಇರುವ ಶೇ 10ರ ಸೀರಂನಲ್ಲಿ ಬಿಡಿ ಆಮ್ಲ ಶೇ 1.8ರಷ್ಟಿದ್ದರೆ, ಪಿಎಚ್ 3.5 ಇರುವ ಶೇ 5ರ ಸೀರಂನಲ್ಲಿ ಶೇ 3.4 ಇರುತ್ತದೆ. ಸಣ್ಣ ಅಂಕಿಯ ಬಾಟಲಿಯೇ ಜೋರು! ಲೇಬಲಿನಲ್ಲಿ ಪಿಎಚ್ ಹಾಕದ ಕಂಪನಿಯ ಆಸಿಡ್ ಕೊಳ್ಳಬೇಡಿ ಎಂದೇ ನನ್ನ ಸಲಹೆ. ಘಟಕಗಳ ಪಟ್ಟಿಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಅಮೋನಿಯಂ ಗ್ಲೈಕೋಲೇಟ್ ಕಂಡರೆ ಗಾಬರಿ ಬೇಡ. ಪಿಎಚ್ ಏರಿಸಿ ಸೌಮ್ಯಗೊಳಿಸಲು ಅವನ್ನು ಸೇರಿಸಿರುತ್ತಾರೆ.

ಅಮೆರಿಕದಲ್ಲಿ ಸೌಂದರ್ಯವರ್ಧಕಗಳ ಘಟಕಗಳನ್ನು ಪರಿಶೀಲಿಸುವ ತಜ್ಞರ ಸಮಿತಿ 1998ರಲ್ಲಿ ಒಂದು ಗೆರೆ ಎಳೆಯಿತು: ಜನ ತಾವೇ ಹಚ್ಚಿಕೊಳ್ಳುವ ಪದಾರ್ಥದಲ್ಲಿ ಎಎಚ್‌ಎ ಶೇ 10 ಮೀರಬಾರದು, ಪಿಎಚ್ 3.5ಕ್ಕಿಂತ ಕೆಳಗಿಳಿಯಬಾರದು, ಬಿಸಿಲಿನಿಂದ ರಕ್ಷಣೆ ಇರಬೇಕು. ತರಬೇತಿಯಾದವರು ಸಲೂನಿನಲ್ಲಿ ಅಲ್ಪಹೊತ್ತು ಹಚ್ಚಿ ತೊಳೆಯುವುದಕ್ಕೆ ಶೇ 30, ಪಿಎಚ್ 3. ನೀವು ಮನೆಯಲ್ಲಿ ಬಳಸಿದ್ದು ಈ ಎರಡನೆಯ ಮಟ್ಟದ ಪ್ರಮಾಣ, ಅದೂ ಹೇಳಿದ್ದಕ್ಕಿಂತ ಎರಡೂವರೆ ಪಟ್ಟು ಹೊತ್ತು.

ಕೆಟ್ಟದ್ದು ಎಲ್ಲೆಲ್ಲಿ ಎಂದು ನೋಡೋಣ. ಎರಡು ತಿಂಗಳು ಪ್ರತಿ ರಾತ್ರಿಯ ಟೋನರ್‌ನಿಂದ ಮೇಲ್ಪದರ ಮೊದಲೇ ಸಡಿಲವಾಗಿತ್ತು. ಅದರ ಮೇಲೆ ಸ್ಕ್ರಬ್ ತಿಕ್ಕಿದಿರಿ, ಕಣ್ಣಿಗೆ ಕಾಣದ ಗೀರುಗಳಾದವು. ತೊಳೆದ ಮುಖ ಪೂರ್ತಿ ಒಣಗದಿದ್ದರೆ ಆಮ್ಲ ಇನ್ನೂ ಸಲೀಸಾಗಿ ಇಳಿಯುತ್ತದೆ. ಜೊತೆಗಿದ್ದ ಶೇ 2 ಬಿಎಚ್‌ಎ, ಅಂದರೆ ಸ್ಯಾಲಿಸಿಲಿಕ್ ಆಸಿಡ್, ಎಣ್ಣೆಯಲ್ಲಿ ಕರಗಿ ರಂಧ್ರಗಳೊಳಗೂ ಹೊಕ್ಕಿತು. ಎಲ್ಲಕ್ಕಿಂತ ದೊಡ್ಡದು ಸಮಯ. ಪೀಲ್‌ಗೆ ಬಳಸುವ ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಸಿಡ್) ಎಂಬ ಇನ್ನೊಂದು ಆಮ್ಲ ಚರ್ಮದ ಪ್ರೋಟೀನಿನೊಂದಿಗೆ ಸೇರಿ ತಾನಾಗಿ ಸುಮ್ಮನಾಗುತ್ತದೆ. ಗ್ಲೈಕೋಲಿಕ್‌ಗೆ ಆ ಗುಣವಿಲ್ಲ, ತೊಳೆದು ಅಥವಾ ತಟಸ್ಥಗೊಳಿಸಿ ನಿಲ್ಲಿಸುವ ತನಕ ಇಳಿಯುತ್ತಲೇ ಇರುತ್ತದೆ. ಹತ್ತನೇ ನಿಮಿಷಕ್ಕೂ ಇಪ್ಪತ್ತೈದನೇ ನಿಮಿಷಕ್ಕೂ ನಡುವೆ ಅದು ಸತ್ತ ಪದರ ದಾಟಿ ಜೀವಂತ ಕೋಶಗಳಿಗೆ ತಲುಪಿತು. ಮಾರನೆಯ ದಿನದ ಬಿಸಿಲು ಉಳಿದದ್ದನ್ನು ಮುಗಿಸಿತು. ಪಿಎಚ್ 3.5ರ ಶೇ 10 ಗ್ಲೈಕೋಲಿಕ್ ಅನ್ನು ನಾಲ್ಕು ವಾರ ಹಚ್ಚಿದರೂ ಚರ್ಮ ಅತಿನೇರಳೆ ಕಿರಣಕ್ಕೆ ಹೆಚ್ಚು ಬೇಗ ಸುಡುತ್ತದೆ, ಹಚ್ಚುವುದು ನಿಲ್ಲಿಸಿದ ವಾರದೊಳಗೆ ಆ ಸೂಕ್ಷ್ಮತೆ ಇಳಿಯುತ್ತದೆ ಎಂದು ಪರೀಕ್ಷೆಗಳು ತೋರಿಸಿವೆ. ಆಸಿಡನ್ನು ರಾತ್ರಿ ಮಾತ್ರ ಹಚ್ಚುತ್ತೇನೆ, ಹಾಗಾಗಿ ಹಗಲು ಸನ್‌ಸ್ಕ್ರೀನ್ ಬೇಡ ಎನ್ನುವವರಿಗೆ ಉತ್ತರ ಇದರಲ್ಲಿದೆ.

ಚರ್ಮ ತೆಳುವಾಗುತ್ತದೆಯೇ?

ಸರಿಯಾದ ಪ್ರಮಾಣದ ಗ್ಲೈಕೋಲಿಕ್‌ನಿಂದ ಇಲ್ಲ. ತೆಳುವಾಗುವುದು ಆ ಸತ್ತ ಕೋಶಗಳ ಹೊರಪದರ, ಅದೂ ಬಳಸುವಷ್ಟು ಕಾಲ. ಕೆಳಗಿನ ಜೀವಂತ ಪದರ ಮತ್ತು ಕೊಲಾಜೆನ್ ಇರುವ ಒಳಚರ್ಮ ತಿಂಗಳುಗಟ್ಟಲೆ ಬಳಸಿದರೆ ಒಂದಿಷ್ಟು ದಪ್ಪವೇ ಆಗುತ್ತವೆ. ಶಾಶ್ವತವಾಗಿ ತೆಳುವಾಗಿಸುವ ವಸ್ತುವೊಂದು ನಿಮ್ಮ ಮನೆಯಲ್ಲಿದೆ, ಅದು ಆ ಟ್ಯೂಬಿನಲ್ಲಿರುವ ಮೊಮೆಟಾಸೋನ್. ಅದು ಸ್ಟೆರಾಯ್ಡ್. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತಾಗಿ, ಕೆಂಪು ನರಗೆರೆಗಳು ಮೂಡಿ, ಮೊಡವೆ, ಕೂದಲು ಹೆಚ್ಚಾಗಿ, ಬಿಟ್ಟರೆ ಉರಿ ತಡೆಯಲಾಗದ ಸ್ಥಿತಿ ಬರುತ್ತದೆ. ನಮ್ಮ ಊರುಗಳಲ್ಲಿ ಗ್ಲೈಕೋಲಿಕ್‌ನಿಂದ ಹಾಳಾದ ಮುಖಗಳಿಗಿಂತ ಈ ತ್ರಿವಳಿ ಕ್ರೀಮಿನಿಂದ ಹಾಳಾದ ಮುಖಗಳು ಎಷ್ಟೋ ಹೆಚ್ಚು. ಇದು ಬಹಳ ನೋವಿನ ಸಂಗತಿ, ಏಕೆಂದರೆ ಮೊದಲ ಹತ್ತು ದಿನ ಅದು ಪವಾಡದಂತೆ ಕಾಣಿಸುತ್ತದೆ. ಇಂಥ ಕ್ರೀಮಿಗೂ ಚಿಕಿತ್ಸೆಯಲ್ಲಿ ಜಾಗವಿದೆ, ಆದರೆ ವೈದ್ಯರು ನೋಡುತ್ತಾ, ಕೆಲವು ವಾರಗಳಿಗೆ ಮಾತ್ರ. ಚೀಟಿಯಿಲ್ಲದೆ ಕೌಂಟರಿನಲ್ಲಿ ಕೈಬದಲಾಗುವ ವಸ್ತು ಅಲ್ಲ. ನೀವು ಹಚ್ಚಿದ್ದು ಹತ್ತು ದಿನ, ಸದ್ಯ ಅಪಾಯದಿಂದ ದೂರವಿದ್ದೀರಿ. ಈಗಿನ ಕೆಂಪು, ನವೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಇಳಿಯುತ್ತದೆ. ನವೆ ತಾಳದೆ ಮತ್ತೆ ಅದೇ ಟ್ಯೂಬಿಗೆ ಕೈಹಾಕುವುದೇ ಜನ ಸಿಕ್ಕಿಬೀಳುವ ಬಲೆ. ತಿಂಗಳುಗಟ್ಟಲೆ ಹಚ್ಚಿದವರು ಮಾತ್ರ ಒಮ್ಮೆಲೇ ಬಿಡದೆ ವೈದ್ಯರ ನೆರವಿನಿಂದ ಹಂತಹಂತವಾಗಿ ಇಳಿಸಬೇಕು.

ಕಬ್ಬಿನ ಹಾಲು, ನಿಂಬೆ, ಮೊಸರು

ನಿಮ್ಮ ಅತ್ತೆಯವರ ಮಾತಿನಲ್ಲಿ ತರ್ಕವಿದೆ. ಕಬ್ಬಿನಲ್ಲಿ ಗ್ಲೈಕೋಲಿಕ್ ಆಸಿಡ್ ಇರುವುದು ನಿಜ. ಆದರೆ ಕಬ್ಬಿನ ಹಾಲಿನಲ್ಲಿ ಮುಖ್ಯವಾಗಿ ಇರುವುದು ಸಕ್ಕರೆ, ಅದರ ಪ್ರಧಾನ ಆಮ್ಲ ಅಕೋನಿಟಿಕ್ ಎಂಬ ಬೇರೆಯೇ ಆಮ್ಲ. ಅದರ ಪಿಎಚ್ 5ರ ಮೇಲಿರುತ್ತದೆ, ಆ ಮಟ್ಟದಲ್ಲಿ ಇರುವ ಚೂರುಪಾರು ಗ್ಲೈಕೋಲಿಕ್ ಕೂಡ ಬಹುಪಾಲು ಲವಣರೂಪದಲ್ಲೇ ಇರುತ್ತದೆ. ಹಚ್ಚಿದರೆ ಅಂಟಂಟು, ನೊಣ, ಗಾಯವಿದ್ದರೆ ಸೋಂಕು. ಬಾಟಲಿಯಲ್ಲಿ ಬರುವ ಗ್ಲೈಕೋಲಿಕ್ ಬಹುತೇಕ ಕಾರ್ಖಾನೆಯಲ್ಲಿ ರಾಸಾಯನಿಕ ಕ್ರಿಯೆಯಿಂದ ತಯಾರಾದದ್ದು, ಲೇಬಲಿನ ಮೇಲೆ ಕಬ್ಬಿನ ಚಿತ್ರವಿದ್ದರೂ. ಇದರಿಂದ ಗುಣದಲ್ಲಿ ವ್ಯತ್ಯಾಸವೇನಿಲ್ಲ, ಅಣು ಅದೇ.

ನಿಂಬೆರಸವನ್ನು ಮಾತ್ರ ಎಂದಿಗೂ ಬೇಡ. ಅದರ ಪಿಎಚ್ ಎರಡರ ಆಸುಪಾಸು, ಅಂದರೆ ಯಾವ ಸೀರಂಗಿಂತಲೂ ತೀಕ್ಷ್ಣ. ಜೊತೆಗೆ ಅದರಲ್ಲಿರುವ ಫ್ಯೂರಾನೋಕೌಮರಿನ್ ಎಂಬ ಅಂಶ ಬಿಸಿಲು ಬಿದ್ದಾಗ ಚರ್ಮವನ್ನು ಸುಟ್ಟು, ತಿಂಗಳುಗಟ್ಟಲೆ ಉಳಿಯುವ ಕಂದು ಕಲೆ ಮಾಡುತ್ತದೆ. ಮೊಸರು ಸೌಮ್ಯ, ಆದರೆ ನಿಮ್ಮ ಮುಖ ಮಾಗುವ ತನಕ ಅದೂ ಬೇಡ. ಅಡುಗೆ ಸೋಡವನ್ನು ಆಸಿಡ್ ಇಳಿಸಲು ಮುಖಕ್ಕೆ ಮೆತ್ತುವವರಿದ್ದಾರೆ. ಮನೆಯಲ್ಲಿ ಅದಕ್ಕಿಂತ ಧಾರಾಳ ತಣ್ಣೀರು ಲೇಸು, ನಲ್ಲಿ ಬಿಟ್ಟುಕೊಂಡು ಐದು ಹತ್ತು ನಿಮಿಷ.

ಮೊದಲ ನಾಲ್ಕು ವಾರ

ಈ ಅವಧಿಯಲ್ಲಿ ಆಸಿಡ್, ರೆಟಿನಾಲ್‌ನಂಥ ಯಾವ ‘ಆ್ಯಕ್ಟಿವ್’ ಕೂಡ ಇಲ್ಲ. ಬೆಳಿಗ್ಗೆ ಬರಿ ನೀರಿನಿಂದ, ಸಂಜೆ ಸೋಪಿಲ್ಲದ ಸೌಮ್ಯ ಕ್ಲೆನ್ಸರ್‌ನಿಂದ ಮುಖ ತೊಳೆಯಿರಿ. ಮಾಮೂಲಿ ಸ್ನಾನದ ಸೋಪಿನ ಪಿಎಚ್ 9ರಿಂದ 10, ಚರ್ಮದ್ದು ಸುಮಾರು 5. ಬೋರ್‌ವೆಲ್ಲಿನ ಗಡಸು ನೀರಿದ್ದರೆ ಸೋಪಿನ ಕರೆ ಚರ್ಮಕ್ಕೇ ಅಂಟಿ ಇನ್ನೂ ಕೆರಳಿಸುತ್ತದೆ, ಕೊನೆಗೊಮ್ಮೆ ಕುಡಿಯುವ ನೀರಿನಿಂದ ಮುಖ ತೊಳೆದರೆ ಎಷ್ಟೋ ಹಿತ. ಟವೆಲಿನಿಂದ ಒತ್ತಿ ಒರೆಸಿ, ಉಜ್ಜಬೇಡಿ. ಮೇಲೆ ಸೆರಾಮೈಡ್ ಅಥವಾ ಗ್ಲಿಸರಿನ್ ಇರುವ, ಸುವಾಸನೆ ಇಲ್ಲದ ಮಾಯಿಶ್ಚರೈಸರ್, ದಿನಕ್ಕೆ ಎರಡು ಮೂರು ಸಲ. ರಾತ್ರಿ ಸಿಪ್ಪೆ ಎದ್ದ ಜಾಗದ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ. ಸಿಪ್ಪೆಯನ್ನು ಕೀಳಬೇಡಿ, ಕಿತ್ತ ಜಾಗವೇ ಅತಿ ಕಪ್ಪಾಗುವುದು. ಆ ಜಾಗದಲ್ಲಿ ಥ್ರೆಡಿಂಗ್, ವ್ಯಾಕ್ಸ್, ಬ್ಲೀಚ್, ಫೇಶಿಯಲ್, ಹಬೆ ಯಾವುದೂ ಬೇಡ. ಅರಿಶಿನವೂ ಬೇಡ.

ಹಗಲಿನಲ್ಲಿ ಸನ್‌ಸ್ಕ್ರೀನ್ ಬಗ್ಗೆ ನಾನು ಪಟ್ಟು ಹಿಡಿಯುತ್ತೇನೆ. ಎಸ್‌ಪಿಎಫ್ 30ರಿಂದ 50 ಇರಲಿ, ಅದಕ್ಕಿಂತ ಮುಖ್ಯ ಐರನ್ ಆಕ್ಸೈಡ್ ಇರುವ, ಟಿಂಟೆಡ್ ಎಂದು ಮಾರುವ ಕಂದು ಛಾಯೆಯ ಸನ್‌ಸ್ಕ್ರೀನ್ ಆಗಿರಲಿ. ಬಂಗನ್ನು ಕೆರಳಿಸುವುದು ಅತಿನೇರಳೆ ಕಿರಣವೊಂದೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಕೆರಳಿಸುತ್ತದೆ. ಬಿಳಿ ಸನ್‌ಸ್ಕ್ರೀನ್ ಆ ಬೆಳಕನ್ನು ಸಾಕಷ್ಟು ತಡೆಯುವುದಿಲ್ಲ. ಹೆಲ್ಮೆಟ್ಟಿನ ಪಾರದರ್ಶಕ ಗಾಜಿನ ಕತೆಯೂ ಅಷ್ಟೆ, ಅತಿನೇರಳೆಯನ್ನು ಬಹುಮಟ್ಟಿಗೆ ತಡೆದರೂ ಬೆಳಕನ್ನು ಬಿಡುತ್ತದೆ. ಮುಖ, ಕುತ್ತಿಗೆ ಸೇರಿ ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಹಿಂಡಿದಷ್ಟು ಬೇಕು. ಶಾಲೆಗೆ ಹೊರಡುವ ಹದಿನೈದು ನಿಮಿಷ ಮುಂಚೆ ಒಮ್ಮೆ, ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ, ಮರಳುವ ಮುನ್ನ ಒಮ್ಮೆ. ಹತ್ತಿ ಸ್ಕಾರ್ಫು ಸುತ್ತಿಕೊಳ್ಳಿ, ಆದರೆ ಕೆನ್ನೆಗೆ ಉಜ್ಜದ ಹಾಗೆ.

ಸುಟ್ಟ ಕಪ್ಪು ಇಷ್ಟರಿಂದಲೇ ಮೂರರಿಂದ ಹನ್ನೆರಡು ತಿಂಗಳಲ್ಲಿ ಮಾಸುತ್ತದೆ. ಅವಸರ ಮಾಡಿದರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು.

ಮತ್ತೆ ಗ್ಲೈಕೋಲಿಕ್ ಹಚ್ಚುವುದಾದರೆ

ನೀರು ಬಿದ್ದರೂ, ಮಾಯಿಶ್ಚರೈಸರ್ ಹಚ್ಚಿದರೂ ಉರಿಯದ ಸ್ಥಿತಿ ಬಂದು ಎರಡು ವಾರ ಕಳೆದಿರಬೇಕು. ಅಲ್ಲಿಯ ತನಕ ಈ ಭಾಗವನ್ನು ಓದಿ ಇಟ್ಟುಕೊಳ್ಳಿ, ಸಾಕು.

ಶೇ 5ರದು, ಪಿಎಚ್ 3.5ರಿಂದ 4ರ ನಡುವಿನದು ಆರಿಸಿ. ಕಿವಿಯ ಹಿಂದೆ ಮೂರು ರಾತ್ರಿ ಹಚ್ಚಿ, ಐದು ದಿನ ಕಾಯಿರಿ. ಕೆಂಪು, ನವೆ, ಕಪ್ಪು ಬರದಿದ್ದರೆ ಮುಖಕ್ಕೆ. ತೊಳೆದ ಮೇಲೆ ಹತ್ತು ಹದಿನೈದು ನಿಮಿಷ ಬಿಟ್ಟು, ಪೂರ್ತಿ ಒಣಗಿದ ಚರ್ಮದ ಮೇಲೆ ಹಚ್ಚಬೇಕು. ಮೂಗಿನ ಪಕ್ಕದ ಮಡಿಕೆ, ತುಟಿಯ ಅಂಚು, ಕಣ್ಣಿನ ಮೂಲೆಗೆ ಮೊದಲೇ ಪೆಟ್ರೋಲಿಯಂ ಜೆಲ್ಲಿ ಸವರಿ, ದ್ರವ ಅಲ್ಲಿ ನಿಂತು ಸುಡುತ್ತದೆ. ಇಡೀ ಮುಖಕ್ಕೆ ಮೂರು ನಾಲ್ಕು ಹನಿ, ಜೆಲ್ ಆದರೆ ಬಟಾಣಿ ಕಾಳಿನಷ್ಟು. ಹತ್ತಿಯಲ್ಲಿ ಅದ್ದಿ ತಿಕ್ಕುವುದಕ್ಕಿಂತ ಬೆರಳಿನಿಂದ ಒತ್ತುವುದು ಒಳ್ಳೆಯದು. ಮೊದಲ ಎರಡು ವಾರ, ವಾರಕ್ಕೆ ಎರಡೇ ರಾತ್ರಿ, ಹತ್ತು ನಿಮಿಷಕ್ಕೆ ತೊಳೆದು ಮಾಯಿಶ್ಚರೈಸರ್ ಹಚ್ಚಿ. ಮೂರನೇ ವಾರದಿಂದ ತೊಳೆಯದೆ ಬಿಡಬಹುದು. ಎಂಟನೇ ವಾರದ ಹೊತ್ತಿಗೆ ದಿನ ಬಿಟ್ಟು ದಿನಕ್ಕೆ ಬಂದರೆ ಅಲ್ಲೇ ನಿಲ್ಲಿ, ನಿಮ್ಮಂಥ ಚರ್ಮಕ್ಕೆ ಪ್ರತಿ ರಾತ್ರಿ ಬೇಕಿಲ್ಲ. ರೆಟಿನಾಲ್, ಟ್ರೆಟಿನಾಯಿನ್, ಬೆಂಜೋಯಿಲ್ ಪೆರಾಕ್ಸೈಡ್ ಹಚ್ಚುವ ರಾತ್ರಿ ಇದು ಬೇಡ. ನಯಾಸಿನಮೈಡ್ (ವಿಟಮಿನ್ ಬಿ3ರ ಒಂದು ರೂಪ) ಜೊತೆ ಕೂಡದು ಎನ್ನುವುದು ಹೆಚ್ಚಾಗಿ ಪುಕಾರು, ಆಸಿಡ್ ಒಣಗಿದ ಮೇಲೆ ಹಚ್ಚಬಹುದು.

ಚುಚ್ಚುವ ಉರಿ, ಮರುದಿನ ಬಿಗಿತ ಅಥವಾ ಹೊಳಪು ಕಂಡರೆ ಒಂದು ವಾರ ಬಿಟ್ಟು, ಮತ್ತೆ ಹಿಂದಿನ ಹಂತಕ್ಕೆ ಇಳಿಯಿರಿ. ನಾಲ್ಕು ವಾರಕ್ಕೊಮ್ಮೆ ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದೇ ಹೊತ್ತಿಗೆ ಫೋಟೊ ತೆಗೆದಿಡಿ. ಕನ್ನಡಿ ದಿನಾ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಗ್ಲೈಕೋಲಿಕ್ ಒಗ್ಗದವರಿಗೆ ಲ್ಯಾಕ್ಟಿಕ್ ಅಥವಾ ಮ್ಯಾಂಡೆಲಿಕ್ ಹಗುರ, ಅಣು ದೊಡ್ಡದಾದ್ದರಿಂದ ನಿಧಾನವಾಗಿ ಇಳಿಯುತ್ತವೆ. ನಿಮ್ಮ ವಿಷಯದಲ್ಲಿ ನಾನು ಮೊದಲು ಯೋಚಿಸುವುದು ಶೇ 15ರಿಂದ 20ರ ಅಜೆಲೈಕ್ ಆಸಿಡ್. ಅದು ಉದುರಿಸುವುದಕ್ಕಿಂತ ಬಣ್ಣದ ತಯಾರಿಕೆಯನ್ನೇ ತಗ್ಗಿಸುತ್ತದೆ. ಮೊದಲ ವಾರಗಳಲ್ಲಿ ನವೆ ಕೊಡಬಹುದು, ಫಲಕ್ಕೆ ಮೂರರಿಂದ ಆರು ತಿಂಗಳು ಬೇಕು. ಹೈಡ್ರೋಕ್ವಿನೋನ್ ಬಂಗಿಗೆ ಬಲವಾದ ಮದ್ದು, ಆದರೆ ಮೂರು ನಾಲ್ಕು ತಿಂಗಳಿಗೊಮ್ಮೆ ಬಿಡುವು ಕೊಡದೆ ವರ್ಷಗಟ್ಟಲೆ ಹಚ್ಚಿದವರಲ್ಲಿ ಬೂದು-ನೀಲಿ ಛಾಯೆಯ, ಸರಿಪಡಿಸಲು ಬಲು ಕಷ್ಟವಾದ ಕಪ್ಪು ಬರುತ್ತದೆ. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನೂ ಬಂಗಿಗೆ ಕೊಡುತ್ತೇವೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ, ಹಾರ್ಮೋನು ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ, ಆದ್ದರಿಂದ ಸ್ವಂತಕ್ಕೆ ಕೊಂಡು ನುಂಗುವ ಮಾತೇ ಇಲ್ಲ.

ಪಾರ್ಲರಿನ ಆರು ಸಿಟಿಂಗ್

ಈಗ ಬೇಡ, ಕನಿಷ್ಠ ಮೂರು ತಿಂಗಳು ಬೇಡ. ಆಮೇಲೂ ಪಾರ್ಲರಿನಲ್ಲಿ ಬೇಡ. ಪೀಲ್ ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ಚರ್ಮತಜ್ಞರ ಕೈಯಲ್ಲಿ ಗ್ಲೈಕೋಲಿಕ್ ಪೀಲ್ ಬಂಗಿನ ಚಿಕಿತ್ಸೆಗೆ ಒಳ್ಳೆಯ ಊರುಗೋಲು. ಅವರು ಮೊದಲು ಎರಡರಿಂದ ನಾಲ್ಕು ವಾರ ಕ್ರೀಮುಗಳಿಂದ ಚರ್ಮವನ್ನು ಸಿದ್ಧಗೊಳಿಸುತ್ತಾರೆ. ಪೀಲ್‌ಗೆ ಒಂದು ವಾರ ಮುಂಚೆ ರೆಟಿನಾಯ್ಡ್, ವ್ಯಾಕ್ಸ್, ಬ್ಲೀಚ್ ನಿಲ್ಲಿಸುತ್ತಾರೆ. ಶೇ 20 ಅಥವಾ 30ರಿಂದ ಶುರುಮಾಡಿ, ಮೊದಲ ಸಲ ಒಂದೆರಡು ನಿಮಿಷ ಮಾತ್ರ ಇಟ್ಟು, ಚರ್ಮ ಸಮನಾಗಿ ತುಸು ಕೆಂಪಾದ ಕೂಡಲೇ ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಿಂದ ನಿಲ್ಲಿಸುತ್ತಾರೆ. ಎಲ್ಲಾದರೂ ಬೂದು-ಬಿಳಿ ತೇಪೆ ಮೂಡಿದರೆ ಆಮ್ಲ ಬೇಕಾದ್ದಕ್ಕಿಂತ ಆಳಕ್ಕೆ ಇಳಿದಿದೆ ಎಂದರ್ಥ. ಆ ಕ್ಷಣವನ್ನು ಗುರುತಿಸುವ ಕಣ್ಣಿಗೇ ನೀವು ಹಣ ಕೊಡುವುದು. ಎರಡರಿಂದ ನಾಲ್ಕು ವಾರಕ್ಕೊಮ್ಮೆ, ನಾಲ್ಕರಿಂದ ಆರು ಸಲ, ಪ್ರತಿ ಸಲ ಶೇಕಡಾ ಅಥವಾ ಸಮಯ ಎರಡರಲ್ಲಿ ಒಂದನ್ನು ಮಾತ್ರ ಏರಿಸುತ್ತಾರೆ. ಆದರೂ ‘ಎಲ್ಲ ಹೋಗುತ್ತೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಬಂಗು ತಿಳಿಯಾಗುತ್ತದೆ, ಹತೋಟಿಯಲ್ಲಿರುತ್ತದೆ, ಬಿಸಿಲು ಕಂಡರೆ ಮರಳುತ್ತದೆ. ತುಟಿಯ ಬಳಿ ಪದೇಪದೇ ನೀರುಗುಳ್ಳೆ ಏಳುವವರು, ಗಾಯವಾದರೆ ಉಬ್ಬು ಕಲೆ ಕಟ್ಟುವವರು, ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ತೆಗೆದುಕೊಂಡವರು ಮೊದಲೇ ಹೇಳಬೇಕು. ಮದುವೆ ಇದೆ ಎಂದು ಹಿಂದಿನ ವಾರ ಮೊದಲ ಪೀಲ್‌ಗೆ ಬರುವವರೂ ಇದ್ದಾರೆ. ಕಡಿಮೆಯೆಂದರೂ ಒಂದು ತಿಂಗಳ ಅಂತರ ಬೇಕು.

ಕುತ್ತಿಗೆ, ಕಂಕುಳಿನ ಮಾತು. ಕುತ್ತಿಗೆಯ ಹಿಂದೆ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗಿದ್ದರೆ ಅದು ಕೊಳೆ ಅಲ್ಲ, ತಿಕ್ಕಿ ಚರ್ಮ ಹರಿದುಕೊಳ್ಳಬೇಡಿ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಗುರುತು ಆಗಿರಬಹುದು. ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ, ತೂಕ ಹೆಚ್ಚಿದ್ದರೆ ಅದರತ್ತ ಗಮನ ಕೊಡಿ. ಗ್ಲೈಕೋಲಿಕ್ ಅಲ್ಲಿ ಒರಟನ್ನು ತುಸು ಇಳಿಸುತ್ತದೆ, ಮೂಲವನ್ನಲ್ಲ. ಕಂಕುಳಿಗೆ ವಾರಕ್ಕೆರಡು ಸಲ ಹಚ್ಚಬಹುದು, ಶೇವ್ ಅಥವಾ ವ್ಯಾಕ್ಸ್ ಆದ ಮೇಲೆ ಎರಡು ದಿನ ಬಿಟ್ಟು.

ಗುಳ್ಳೆ ಎದ್ದರೆ, ನೀರು ಸೋರಿದರೆ, ಹಳದಿ ಹಕ್ಕಳೆ ಕಟ್ಟಿದರೆ, ಮಾಗಿದ ಜಾಗ ಗಟ್ಟಿಯಾಗಿ ಉಬ್ಬಿದರೆ ನಾಲ್ಕು ವಾರ ಕಾಯದೆ ತಕ್ಷಣ ಚರ್ಮತಜ್ಞರನ್ನು ಕಾಣಿ. ಅವ್ಯಾವೂ ಇಲ್ಲದಿದ್ದರೂ ತಿಂಗಳೊಳಗೆ ಒಮ್ಮೆ ತೋರಿಸಿ. ವುಡ್ಸ್ ಲ್ಯಾಂಪ್ ಎಂಬ ನೇರಳೆ ಬೆಳಕಿನಲ್ಲಿ ನೋಡಿ ಬಣ್ಣ ಎಷ್ಟು ಮೇಲಿದೆ, ಎಷ್ಟು ಆಳದಲ್ಲಿದೆ ಎಂದು ಅವರು ಅಂದಾಜಿಸುತ್ತಾರೆ, ಅಗತ್ಯವೆನಿಸಿದರೆ ಥೈರಾಯ್ಡ್ ಪರೀಕ್ಷೆ ಬರೆಯುತ್ತಾರೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮತ್ತೆ ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಿ, ಆಯ್ಕೆಗಳು ಬದಲಾಗುತ್ತವೆ. ಹೋಗುವಾಗ ಟೋನರ್, ಪೀಲ್ ಬಾಟಲಿ, ಆ ಕ್ರೀಮಿನ ಟ್ಯೂಬು ಮೂರನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಜೊತೆಗೆ ಬಂಗು ಬರುವ ಮುಂಚಿನ ಒಂದು ಫೋಟೊ.